ರೊಟ್ಟಿ ಮುರಿಯಬೇಕೋ ಹರಿಯಬೇಕೋ: ಬೈಬಲ್ಲಿನ ಊಟದ ವಚನಗಳ ಮೇಲೆ ಅನುವಾದ ತಂತ್ರಾಂಶ ಪ್ಯಾರಾಟೆಕ್ಸ್ಟ್ 9ರ ಪರೀಕ್ಷೆ

ಅಕ್ಕಿ ಒಟ್ಟಿಯನ್ನು ಕೊಡಗಿನಲ್ಲಿ ಯಾರೂ ಮುರಿಯುವುದಿಲ್ಲ. ಅನ್ನಕ್ಕೆ ಅಕ್ಕಿಹಿಟ್ಟು ಸೇರಿಸಿ ನಾದಿ, ತಟ್ಟಿ, ಕಾವಲಿಯಲ್ಲಿ ಬೇಯಿಸಿ, ಕೊನೆಗೆ ಬೆಂಕಿಗೆ ಹಿಡಿದು ಉಬ್ಬಿಸಿದ ಒಟ್ಟಿ ಬಟ್ಟೆಯ ಹಾಗೆ ಮಡಚಿಕೊಳ್ಳುತ್ತದೆ. ಅದನ್ನು ಹರಿದು ತಿನ್ನಬೇಕು. ಕಟಕಟ ಎನ್ನುವ ಜೋಳದ ರೊಟ್ಟಿಯ ಸೀಮೆಯಲ್ಲಾದರೆ ‘ರೊಟ್ಟಿಯನ್ನು ಮುರಿದು’ ಎಂಬ ಸತ್ಯವೇದದ, ಅಂದರೆ ಕನ್ನಡ ಬೈಬಲ್ಲಿನ, ಮಾತು ಸಲೀಸಾಗಿ ಕಿವಿಗಿಳಿಯುತ್ತದೆ. ಕನ್ನಡದ ಮೊದಲ ಪೂರ್ಣ ಬೈಬಲ್ 1831ರಲ್ಲಿ ಬಂದದ್ದು ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸ್ ಅವರ ದುಡಿಮೆಯಿಂದ ಎಂಬುದನ್ನು ನೆನೆದರೆ ನಗು ಬರುತ್ತದೆ. ಮಡಿಕೇರಿಯಲ್ಲಿ ಕೂತು ಮೊದಲ ಅನುವಾದ ಆಗಿದ್ದರೆ ಕ್ರಿಯಾಪದವೇ ಬೇರೆ ಇರುತ್ತಿತ್ತೇನೋ.

ಕೊಡವ ತಕ್ಕ್, ಅರೆಭಾಷೆ, ಯೆರವರ ಮಾತು, ತೋಟದ ಲೈನ್‌ಮನೆಗಳ ಬೆರಕೆ ಕನ್ನಡ, ಇವುಗಳಿಗೆ ಬೈಬಲ್ಲಿನ ಊಟದ ಪ್ರಸಂಗಗಳನ್ನು ತರುವವರಿಗೆ ಪ್ಯಾರಾಟೆಕ್ಸ್ಟ್ ಎಂಬ ತಂತ್ರಾಂಶ ಎಷ್ಟು ಒದಗುತ್ತದೆ ಎಂಬುದಷ್ಟೇ ಇಲ್ಲಿನ ವಿಷಯ. ತೀರ್ಪನ್ನು ಮೊದಲೇ ಹೇಳಿಬಿಡಬಹುದು: ಪದಗಳ ಲೆಕ್ಕ ಇಡಲು ಇದಕ್ಕಿಂತ ಒಳ್ಳೆಯ ಗುಮಾಸ್ತ ಸಿಗುವುದಿಲ್ಲ. ಆದರೆ ಗುಮಾಸ್ತನನ್ನು ಅಡುಗೆಮನೆಗೆ ಬಿಡಬಾರದು.

ಯುನೈಟೆಡ್ ಬೈಬಲ್ ಸೊಸೈಟೀಸ್ ಮತ್ತು ಎಸ್‌ಐಎಲ್ ಎಂಬ ಭಾಷಾಸಂಸ್ಥೆ ಜೊತೆಗೂಡಿ ಬೆಳೆಸಿದ ತಂತ್ರಾಂಶ ಇದು. ಅನುವಾದ ಸಂಸ್ಥೆಗಳ ಜೊತೆ ಕೆಲಸ ಮಾಡುವವರು ದುಡ್ಡು ಕೊಡಬೇಕಿಲ್ಲ, ಆದರೆ ನೋಂದಣಿ ಬೇಕು. ಹೆಸರಿನ ಜೊತೆ ಸಿಗುವ ಕೋಡ್ ಹಾಕದೆ ಬಾಗಿಲು ತೆರೆಯದು. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಸಾಕು. ತಂಡದಲ್ಲಿ ಯಾರು ಅನುವಾದಕರು, ಯಾರು ಪರಿಶೀಲಕರು, ಯಾರು ಬರೀ ನೋಡುವವರು ಎಂದು ಅಧಿಕಾರ ಹಂಚಿಕೊಡಬಹುದು. ಒಬ್ಬರು ತಿದ್ದಿದ್ದು ಇನ್ನೊಬ್ಬರಿಗೆ ‘ಸೆಂಡ್/ರಿಸೀವ್’ ಮೂಲಕ ಹೋಗುತ್ತದೆ. ಇದು ಇಂಟರ್‌ನೆಟ್ಟಿನಲ್ಲೂ ಆಗುತ್ತದೆ, ಪೆನ್‌ಡ್ರೈವಿನಲ್ಲೂ ಆಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮರ ಬಿದ್ದು ಕರೆಂಟೂ ಸಿಗ್ನಲ್ಲೂ ಒಟ್ಟಿಗೆ ಹೋಗುವ ನಾಪೋಕ್ಲು, ಭಾಗಮಂಡಲದ ಕಡೆಯವರಿಗೆ ಈ ಎರಡನೆಯ ದಾರಿಯೇ ದೊಡ್ಡ ಉಪಕಾರ. ಒಂದೇ ವಚನವನ್ನು ಇಬ್ಬರು ಬೇರೆಬೇರೆ ಕಡೆ ಕೂತು ತಿದ್ದಿದರೆ ಮಾತ್ರ ಪೇಚು. ಅಧ್ಯಾಯ ಹಂಚಿಕೊಂಡು ಕೂರುವುದು ವಾಸಿ.

ಇನ್ನು ಕನ್ನಡ ಲಿಪಿಯ ಕಾಟಕ್ಕೆ ಬರೋಣ. ‘ರೊಟ್ಟಿ’ ಎಂಬ ಪದವನ್ನೇ ನೋಡಿ. ಅದರ ಮೊದಲ ಅಕ್ಷರದ ‘ೊ’ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಎರಡು ಬಗೆಯಲ್ಲಿ ಬರೆಯಲು ಬರುತ್ತದೆ: ಇಡಿಯಾಗಿ ಒಂದೇ ಸಂಕೇತವಾಗಿ, ಅಥವಾ ‘ೆ’ ಮತ್ತು ‘ೂ’ ಎಂಬ ಎರಡು ತುಣುಕಾಗಿ. ಪರದೆಯ ಮೇಲೆ ಎರಡೂ ಒಂದೇ ತೆರ. ಯಂತ್ರಕ್ಕೆ ಮಾತ್ರ ಎರಡು ಬೇರೆ ಪದ. ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಕಡತಗಳಿಂದ ಪರಿವರ್ತಿಸಿ ತಂದ ಪಠ್ಯದಲ್ಲಿ ತುಣುಕಿನ ರೂಪ ನುಸುಳಿದ್ದರೆ, ‘ರೊಟ್ಟಿ’ ಎಂದು ಹುಡುಕಿದಾಗ ಅರ್ಧ ವಚನಗಳು ಕಣ್ಣಿಗೇ ಬೀಳುವುದಿಲ್ಲ. ‘ಭೋಜನ’ದ ‘ೋ’ಕಾರಕ್ಕೂ ಇದೇ ರೋಗ. ಊಟದ ವಚನಗಳಲ್ಲಿ ಅತಿ ಹೆಚ್ಚು ಬರುವ ಎರಡು ಪದಗಳಿಗೇ ಇದು ತಗಲಿಕೊಂಡಿರುವುದು ಕನ್ನಡದವರ ಗ್ರಹಚಾರ. ಮದ್ದು ಸುಲಭ: ಪ್ರಾಜೆಕ್ಟ್ ಪ್ರಾಪರ್ಟೀಸಿನಲ್ಲಿ ನಾರ್ಮಲೈಸೇಶನ್ ಎಂಬಲ್ಲಿ ‘ಕಂಪೋಸ್ಡ್’ ಆರಿಸಿ, ಮೊದಲ ವಚನ ಟೈಪ್ ಮಾಡುವ ಮುಂಚೆಯೇ. ಆರು ತಿಂಗಳ ಕೆಲಸ ಆದಮೇಲೆ ಇದನ್ನು ಮುಟ್ಟುವುದು ಗದ್ದೆ ನಾಟಿ ಆದಮೇಲೆ ಬದು ಹಾಕಿದ ಹಾಗೆ.

ಕೊಡವ ತಕ್ಕಿಗೆ ಇನ್ನೊಂದು ತೊಡಕು. ಪದ ಅರ್ಧಾಕ್ಷರದಲ್ಲಿ ಮುಗಿಯುತ್ತದೆ: ಕೂಳ್, ತಕ್ಕ್, ಮಂದ್. ಅದಕ್ಕೆ ಪ್ರತ್ಯಯ ಹತ್ತಿದಾಗ ಒತ್ತು ಬೀಳದಿರಲೆಂದು ಕೆಲವರು ಅಗೋಚರ ಬೇರ್ಪಡಕವನ್ನು, ಅಂದರೆ ಝಡ್‌ಡಬ್ಲ್ಯುಎನ್‌ಜೆ ಎಂಬುದನ್ನು ಹಾಕುತ್ತಾರೆ, ಕೆಲವರು ಹಾಕುವುದಿಲ್ಲ. ತಪಾಸಣೆಯ ಸಲಕರಣೆಗಳಲ್ಲಿರುವ ಅಕ್ಷರಪಟ್ಟಿಯನ್ನು ವಾರಕ್ಕೊಮ್ಮೆ ತೆರೆದು ನೋಡಿದರೆ ಈ ಅಗೋಚರ ಗುರುತು ಎಷ್ಟು ಕಡೆ ಇದೆ ಎಂದು ತಿಳಿಯುತ್ತದೆ. ತಂಡವೆಲ್ಲ ಒಂದೇ ಕೀಲಿಮಣೆ ಬಳಸುವುದು ಇನ್ನೂ ಒಳ್ಳೆಯದು.

ತಂತ್ರಾಂಶದ ಎದೆಗೂಡು ಎಂದರೆ ‘ಬಿಬ್ಲಿಕಲ್ ಟರ್ಮ್ಸ್’ ಎಂಬ ಸಲಕರಣೆ. ಗ್ರೀಕ್ ಅಥವಾ ಹೀಬ್ರೂ ಪದವೊಂದನ್ನು ಆರಿಸಿದರೆ ಅದು ಬರುವ ವಚನಗಳೆಲ್ಲ ಸಾಲಾಗಿ ನಿಲ್ಲುತ್ತವೆ. ನಿಮ್ಮ ಭಾಷೆಯ ಸಮಾನಪದವನ್ನು ಒಮ್ಮೆ ಕೊಟ್ಟರೆ ಅದು ಇರುವ ವಚನಕ್ಕೆ ಹಸಿರು ಗುರುತು, ಇಲ್ಲದ್ದಕ್ಕೆ ಕೆಂಪು. ವಿಭಕ್ತಿ ಪ್ರತ್ಯಯಗಳ ಭಾಷೆಗೆ ನಕ್ಷತ್ರ ಚಿಹ್ನೆ ಹಾಕಬೇಕು: ‘ರೊಟ್ಟಿ*’ ಎಂದು ಕೊಟ್ಟರೆ ರೊಟ್ಟಿಯನ್ನು, ರೊಟ್ಟಿಗಳಲ್ಲಿ, ರೊಟ್ಟಿಗಾಗಿ ಎಲ್ಲವೂ ಬಲೆಗೆ ಬೀಳುತ್ತವೆ. ‘*ಊಟ*’ ಎಂದು ಕೊಟ್ಟು ಸುಮ್ಮನಾದರೆ ಮಾತ್ರ ಮೋಸ. ಹಬ್ಬದೂಟ, ಮದುವೆಯೂಟ, ಪಸ್ಕದೂಟ (ಪಸ್ಕ ಎಂದರೆ ಯೆಹೂದ್ಯರ ಹಬ್ಬ) ಇವುಗಳಲ್ಲಿ ‘ಊ’ ಎಂಬ ಬಿಡಿ ಅಕ್ಷರ ಸಂಧಿಯಾಗಿ ‘ೂ’ ಎಂಬ ಚಿಹ್ನೆಯಾಗಿದೆ. ಓದುವವರಿಗೆ ಊಟ ಅಲ್ಲೇ ಎಲೆಯ ಮೇಲಿದೆ. ಯಂತ್ರಕ್ಕೆ ಅಲ್ಲಿ ಊಟವೇ ಇಲ್ಲ. ‘*ೂಟ*’ ಎಂಬ ಇನ್ನೊಂದು ರೂಪವನ್ನೂ ಸೇರಿಸಬೇಕು, ಆಗ ‘ಕೂಟ’ದಂಥ ಬೇರೆ ಪದಗಳೂ ಸಿಕ್ಕಿಕೊಳ್ಳುವುದನ್ನು ಕೈಯಾರೆ ಬಿಡಿಸಬೇಕು. ಇದಕ್ಕಿಂತ ಸಂಧಿ ಬಿಡಿಸಿ ‘ಹಬ್ಬದ ಊಟ’ ಎಂದೇ ಬರೆಯುವ ಕಟ್ಟು ಮಾಡಿಕೊಳ್ಳುವುದು ನೆಮ್ಮದಿ. ಗಟ್ಟಿಯಾಗಿ ಓದುವವರಿಗೂ ಅದೇ ಹಿತ.

ಈಗ ಅದೇ ಸಲಕರಣೆಯನ್ನು ‘ಆರ್ಟೊಸ್’ ಎಂಬ ಗ್ರೀಕ್ ಪದದ ಮೇಲೆ ಬಿಡಿ. ಹೊಸ ಒಡಂಬಡಿಕೆಯಲ್ಲಿ ನೂರರ ಆಸುಪಾಸು ಕಡೆ ಬರುವ ಪದ. ಹೀಬ್ರೂವಿನ ‘ಲೆಹೆಮ್’ ಹಾಗೆಯೇ ಇದಕ್ಕೂ ರೊಟ್ಟಿ ಎಂಬ ಅರ್ಥವಿದೆ, ಒಟ್ಟಾರೆ ಆಹಾರ ಎಂಬ ಅರ್ಥವೂ ಇದೆ. ಕನ್ನಡದ ಹಳೆಯ ಸತ್ಯವೇದ ಇಲ್ಲಿ ಜಾಣತನ ತೋರಿದೆ. ಯೇಸು ಕಲಿಸಿದ ‘ಕರ್ತನ ಪ್ರಾರ್ಥನೆ’ಯಲ್ಲಿ ‘ಅನುದಿನದ ಆಹಾರ’, ಯೋಹಾನ 6ರಲ್ಲಿ ‘ಜೀವಕೊಡುವ ರೊಟ್ಟಿ’. ನೆರೆಯ ಭಾಷೆಗಳೂ ತಮ್ಮ ತಮ್ಮ ದಾರಿ ಕಂಡುಕೊಂಡಿವೆ. ತಮಿಳು ಪ್ರಾರ್ಥನೆಯಲ್ಲಿ ಆಹಾರವೆಂದು, ಯೋಹಾನದಲ್ಲಿ ‘ಜೀವ ಅಪ್ಪಂ’ ಎಂದು ಹೇಳುತ್ತದೆ. ಮಲಯಾಳಕ್ಕೂ ಜೀವದ ಅಪ್ಪವೇ. ತೆಲುಗಿನ ಹಳೆಯ ಅನುವಾದ ಯೋಹಾನದಲ್ಲೂ ರೊಟ್ಟೆ ಬಿಟ್ಟು ‘ಜೀವಾಹಾರಮು’ ಎಂದಿತು. ಗೋವಾದ ಕೊಂಕಣಿ ಪ್ರಾರ್ಥನೆ ಕೇಳುವುದು ‘ಗಿರಾಸ್’, ಅಂದರೆ ತುತ್ತು. ಇಂಡೊನೇಷ್ಯಾದವರು ಪ್ರಾರ್ಥನೆಗೆ ‘ಮಕಾನನ್’ ಎಂಬ ಆಹಾರವಾಚಕವನ್ನೂ ಯೋಹಾನಕ್ಕೆ ‘ರೋಟಿ’ಯನ್ನೂ ಇಟ್ಟರು. ವಿರಾಜಪೇಟೆ, ಸಿದ್ದಾಪುರದ ಕಡೆ ತಮಿಳು, ಮಲಯಾಳ, ಕನ್ನಡ, ಕೊಂಕಣಿ ಪ್ರಾರ್ಥಿಸುವವರು ಒಂದೇ ಪೇಟೆಯಲ್ಲಿ ಇರುವುದರಿಂದ ಈ ಹೋಲಿಕೆ ಇಲ್ಲಿ ಪುಸ್ತಕದ ಮಾತಲ್ಲ. ಆದರೆ ಮಲಯಾಳದ ಅಪ್ಪ ಕಳ್ಳಿನಿಂದಲೋ ಯೀಸ್ಟಿನಿಂದಲೋ ಉಬ್ಬಿದ್ದು, ಕನ್ನಡದ ರೊಟ್ಟಿ ಹುದುಗು ಕಾಣದ್ದು. ಪಸ್ಕದ ಅಧ್ಯಾಯಕ್ಕೆ ಬಂದಾಗ ಈ ವ್ಯತ್ಯಾಸ ಬಡ್ಡಿ ಸಮೇತ ವಸೂಲಾಗುತ್ತದೆ.

ಪ್ಯಾರಾಟೆಕ್ಸ್ಟ್ ಇಲ್ಲಿ ಏನು ಮಾಡುತ್ತದೆ? ‘ರೊಟ್ಟಿ*’ ಮಾತ್ರ ಕೊಟ್ಟಿದ್ದರೆ ಪ್ರಾರ್ಥನೆಯ ವಚನಕ್ಕೆ ಕೆಂಪು ಹಾಕುತ್ತದೆ. ಕೆಂಪು ಕಂಡ ಹೊಸಬರ ಕೈ ತಡೆಯುವುದಿಲ್ಲ. ಆಹಾರವನ್ನು ಅಳಿಸಿ ರೊಟ್ಟಿ ತುರುಕಿ ಹಸಿರು ಮಾಡಿಕೊಳ್ಳುತ್ತಾರೆ. ಮಾಡಬೇಕಾದದ್ದು ಬೇರೆ. ‘ಆಹಾರ*’, ‘ಊಟ*’ ಇವನ್ನೂ ಸಮಾನಪದಗಳಾಗಿ ಸೇರಿಸಿ, ಯಾವುದು ಎಲ್ಲಿ, ಏಕೆ ಎಂದು ಪಕ್ಕದ ಟಿಪ್ಪಣಿಯಲ್ಲಿ ಎರಡು ಸಾಲು ಬರೆದಿಡಿ. ಇಷ್ಟಾದರೂ ಕೆಂಪಾಗಿ ಉಳಿಯುವ ವಚನವನ್ನು ‘ಇಲ್ಲಿ ಬೇಕಿಲ್ಲ’ ಎಂದು ಗುರುತಿಸುವ ಸೌಲಭ್ಯವಿದೆ. ಕೊಡವ ತಕ್ಕಿನಲ್ಲಾದರೆ ‘ಕೂಳ್’ ಎಂಬ ಮೂರನೆಯ ಅಭ್ಯರ್ಥಿ ಎದ್ದು ನಿಲ್ಲುತ್ತದೆ. ನೆಯ್‌ಕೂಳ್ ಹಬ್ಬದ ಎಲೆಗೆ ಬೀಳುವ ತುಪ್ಪದನ್ನ; ಆ ಭಾಷೆಯಲ್ಲಿ ಪದಕ್ಕೆ ಏನೂ ಕುಂದಿಲ್ಲ. ಕನ್ನಡದವರ ಕಿವಿಗೆ ಅದೇ ‘ಕೂಳು’ ಬೈಗುಳ: ದಂಡದ ಕೂಳು, ಕೂಳಿಗೆ ಕಾದವನು. ಕನ್ನಡ ಮಾತ್ರ ಓದಬಲ್ಲ ಪರಿಶೀಲಕರು ಇದನ್ನು ನೋಡಿ ಹೌಹಾರಿ ತಿದ್ದಿಸುವ ಮುನ್ನ ಟಿಪ್ಪಣಿ ಅಲ್ಲಿರಬೇಕು.

‘ಹುಳಿಯಿಲ್ಲದ ರೊಟ್ಟಿ’ಯ ಕಥೆಯೂ ಇಂಥದ್ದೇ. ಹುಳಿ ಎಂದೊಡನೆ ಕೊಡಗಿನ ನಾಲಿಗೆಗೆ ಬರುವುದು ಕಾಚಂಪುಳಿ ಎಂಬ ಹುಳಿರಸ. ಒಟ್ಟಿಗೆ ಯಾರು ಹುಳಿ ಹಾಕುತ್ತಾರೆ ಎಂದು ಕೇಳುಗ ಬೆರಗಾಗುತ್ತಾನೆ, ವಿಮೋಚನಕಾಂಡ 12ರ ಆತುರ ಅವನಿಗೆ ತಟ್ಟುವುದೇ ಇಲ್ಲ. ಇಸ್ರಾಯೇಲ್ಯರು ಐಗುಪ್ತ ಬಿಟ್ಟು ಹೊರಟ ಆ ರಾತ್ರಿ ಹಿಟ್ಟು ಉಬ್ಬುವವರೆಗೆ ಕಾಯಲು ಹೊತ್ತಿರಲಿಲ್ಲ, ಅಷ್ಟೇ. ದೋಸೆ ಹಿಟ್ಟು ‘ಹುಳಿ ಬಂತು’ ಎನ್ನುವ ಮಾತು ಎಲ್ಲ ಮನೆಯಲ್ಲೂ ಇದೆಯಲ್ಲ. ‘ಹಿಟ್ಟು ಹುಳಿ ಬರಿಸದೆ ಸುಟ್ಟ ರೊಟ್ಟಿ’ ಎಂದರೆ ಗಂಟು ಬಿಚ್ಚುತ್ತದೆ. ಮತ್ತಾಯ 13:33ರ ಹುಳಿಹಿಟ್ಟಿನ ಸಾಮ್ಯಕಥೆಗೂ ಇದೇ ಕೀಲಿಕೈ. ಅಲ್ಲಿನ ಮೂರು ‘ಸಾಟ’ ಹಿಟ್ಟು ಅಂದರೆ ಸುಮಾರು 22 ಲೀಟರ್ ಅಳತೆ, ಆದಿಕಾಂಡ 18ರಲ್ಲಿ ಸಾರಳು ಮೂವರು ಅತಿಥಿಗಳಿಗೆ ನಾದಿದ ಹಿಟ್ಟೂ ಅಷ್ಟೇ. ಸೇರಿಗೆ ಇಳಿಸಲು ಹೋಗಬೇಡಿ, ಸೇರು ಊರೂರಿಗೆ ಬೇರೆ. ಮದುವೆಮನೆಗೆ ಸಾಲುವಷ್ಟು ಹಿಟ್ಟು ಎಂಬುದು ಕೇಳುಗನಿಗೆ ಹೊಳೆದರೆ ಸಾಕು.

ಸಲಕರಣೆ ನಿಜಕ್ಕೂ ಮಿಂಚುವ ಜಾಗಗಳೂ ಇವೆ. ಐದು ಸಾವಿರ ಮಂದಿಗೆ ಊಟ ಹಾಕಿದಾಗ ಉಳಿದದ್ದು ಹನ್ನೆರಡು ‘ಕೊಫಿನೊಸ್’, ನಾಲ್ಕು ಸಾವಿರ ಮಂದಿಗೆ ಹಾಕಿದಾಗ ಉಳಿದದ್ದು ಏಳು ‘ಸ್ಪುರಿಸ್’. ಮಾರ್ಕ 8:19-20ರಲ್ಲಿ ಯೇಸು ಎರಡನ್ನೂ ನೆನಪಿಸುವಾಗಲೂ ಎರಡು ಪದಗಳನ್ನು ಬೆರೆಸುವುದಿಲ್ಲ. ಎರಡಕ್ಕೂ ‘ಬುಟ್ಟಿ’ ಎಂದು ಬರೆದವರ ತಪ್ಪನ್ನು ಪಟ್ಟಿ ಕ್ಷಣದಲ್ಲಿ ತೋರಿಸುತ್ತದೆ. ಒಂದಕ್ಕೆ ಪುಟ್ಟಿ, ಇನ್ನೊಂದಕ್ಕೆ ಹೆಡಿಗೆ ಎಂದರೆ ಮುಗಿಯಿತು. ಹೆಡಿಗೆ ಯಾವುದಕ್ಕೆ ಎಂಬ ಅನುಮಾನಕ್ಕೂ ಉತ್ತರ ಅದೇ ಪಟ್ಟಿಯಲ್ಲಿದೆ: ಅಪೊಸ್ತಲರ ಕೃತ್ಯಗಳು 9:25ರಲ್ಲಿ ಪೌಲನನ್ನು ದಮಸ್ಕದ ಗೋಡೆಯಿಂದ ಇಳಿಸಿದ್ದು ಸ್ಪುರಿಸಿನಲ್ಲಿ. ಆಳು ಕೂರುವಷ್ಟು ದೊಡ್ಡದು.

ಹಾಗೆಯೇ ‘ಪ್ಯಾರಲಲ್ ಪ್ಯಾಸೇಜಸ್’. ಒಂದೇ ಪ್ರಸಂಗವನ್ನು ನಾಲ್ಕು ಸುವಾರ್ತೆಗಳಲ್ಲಿ ಅಕ್ಕಪಕ್ಕ ಇಟ್ಟು, ಗ್ರೀಕಿನಲ್ಲಿ ಎಲ್ಲಿ ಮಾತು ಒಂದೇ ಇದೆ, ಎಲ್ಲಿ ಸರಿದಿದೆ ಎಂದು ಬಣ್ಣದಲ್ಲಿ ತೋರಿಸುತ್ತದೆ. ಮಾರ್ಕ 6:40ರಲ್ಲಿ ಜನ ‘ಪ್ರಸಿಯೈ ಪ್ರಸಿಯೈ’ ಕೂತರು. ಪ್ರಸಿಯಾ ಎಂದರೆ ತರಕಾರಿ ಪಾತಿ. ಹಸಿರು ಹುಲ್ಲಿನ ಮೇಲೆ ಐವತ್ತು, ನೂರು ಮಂದಿಯ ಗುಂಪುಗಳು ಪಾತಿ ಪಾತಿಯಾಗಿ ಕೂತಂತೆ. ಲೂಕನಲ್ಲಿ ಈ ಚಿತ್ರ ಇಲ್ಲ, ಐವತ್ತರ ಗುಂಪು ಮಾತ್ರ. ಪದ ಇಮ್ಮಡಿಸಿ ಹೇಳುವುದು ಕನ್ನಡದ ಜಾಯಮಾನ; ‘ಪಾತಿ ಪಾತಿಯಾಗಿ’, ‘ಮಡಿ ಮಡಿಯಾಗಿ’ ಎರಡೂ ಕಾಫಿ ಸಸಿಮಡಿ ನೋಡಿದವರಿಗೆ ಕಣ್ಣಿಗೆ ಕಟ್ಟುತ್ತವೆ. ಇಂಗ್ಲಿಷ್ ಪಾಠ ಹಿಡಿದು ಹೊರಟವರಿಗೆ ಈ ತೋಟ ಕಾಣಿಸುವುದಿಲ್ಲ.

ಇಷ್ಟು ಹೊಗಳಿದ ಮೇಲೆ ಲೂಕ 15ಕ್ಕೆ ಬರಬೇಕು. ಇಲ್ಲಿ ತಂತ್ರಾಂಶ ಎಲ್ಲ ಹಸಿರು ತೋರಿಸುತ್ತದೆ, ಅನುವಾದ ಕೊಡಗಿನಲ್ಲಿ ತಲೆಕೆಳಗಾಗಿರುತ್ತದೆ.

ಮನೆ ಬಿಟ್ಟುಹೋದ ಮಗ ಕೈ ಬರಿದಾಗಿ ಹಂದಿ ಮೇಯಿಸುವ ಕೆಲಸಕ್ಕೆ ಸೇರುತ್ತಾನೆ. ಮೂಲ ಕೇಳುಗರಿಗೆ ಇದಕ್ಕಿಂತ ಕೆಳಗೆ ಬೀಳಲು ಜಾಗವಿಲ್ಲ. ಕೊಡವರ ಮದುವೆಯ ಊಟ ಪಂದಿ ಕರಿ ಇಲ್ಲದೆ ಪೂರ್ತಿಯಾಗದು. ಕಡಂಬುಟ್ಟು ಎಂಬ ಅಕ್ಕಿಯ ಉಂಡೆಯ ಜೊತೆ ಅದೇ ಗೌರವದ ಖಾದ್ಯ. ಅಲ್ಲಿ ಹಂದಿ ಸಾಕುವುದು ಅವಮಾನವಾಗಿ ಕೇಳಿಸಬೇಕೇಕೆ? ಇನ್ನು ಕಥೆಯ ಕೊನೆ: ಮಗ ಬಂದ ಸಂಭ್ರಮಕ್ಕೆ ತಂದೆ ಕೊಬ್ಬಿಸಿದ ಕರುವನ್ನು ಕೊಯ್ಯಿಸುತ್ತಾನೆ. ದನದ ಮಾಂಸ ಮುಟ್ಟದ ಮನೆಯವರಿಗೆ ಸಂಭ್ರಮ ಅಲ್ಲಿಗೇ ಹಾರಿಹೋಗುತ್ತದೆ. ಒಂದೇ ಕಥೆಯಲ್ಲಿ ನಾಚಿಕೆಯ ಪ್ರಾಣಿ ಹಬ್ಬದ ಪ್ರಾಣಿಯಾಯಿತು, ಹಬ್ಬದ ಪ್ರಾಣಿ ಮುಟ್ಟಬಾರದ್ದಾಯಿತು. ಅನುವಾದದಲ್ಲಿ ಒಂದು ಪದವೂ ತಪ್ಪಿಲ್ಲ.

ಕರುವಿನ ಬದಲು ಆಡಿನ ಮರಿ ಹಾಕಿದರೆ ಆಯಿತಲ್ಲ ಎನ್ನುವವರು 29ನೆಯ ವಚನದವರೆಗೆ ಓದಬೇಕು. ಅಲ್ಲಿ ಹಿರಿಯ ಮಗನ ದೂರು ಇರುವುದೇ ಆ ವ್ಯತ್ಯಾಸದ ಮೇಲೆ: ನನಗೆ ಒಂದು ಆಡುಮರಿಯನ್ನೂ ಕೊಡಲಿಲ್ಲ, ಇವನಿಗೆ ಕೊಬ್ಬಿಸಿದ ಕರು. ಎರಡೂ ಆಡಾದರೆ ಅವನ ಹೊಟ್ಟೆಯುರಿಗೆ ಬೆಂಕಿಯೇ ಇಲ್ಲ. ‘ಹಬ್ಬಕ್ಕೆಂದು ಮೇಯಿಸಿ ಕೊಬ್ಬಿಸಿದ ಪಶು’ ಎಂದು ಸಾಮಾನ್ಯವಾಗಿ ಹೇಳಿ, ಆಡುಮರಿಯನ್ನು ಆಡುಮರಿಯಾಗಿಯೇ ಬಿಡುವುದು ಸರಿಯಾದೀತು. ದೊಡ್ಡದು ಚಿಕ್ಕದರ ಅಂತರ ಉಳಿಯುತ್ತದೆ. ಹಂದಿಯನ್ನು ಮಾತ್ರ ಬದಲಿಸಬಾರದು. ಅಡಿಟಿಪ್ಪಣಿ ಬೇಕು: ಬ್ಯಾಕ್‌ಸ್ಲ್ಯಾಶ್ ಎಫ್ ಗುರುತಿನಿಂದ ಶುರುಮಾಡಿ, ವಚನಸಂಖ್ಯೆ ಕೊಟ್ಟು, ‘ಹಂದಿ: ಮೋಶೆಯ ಧರ್ಮಶಾಸ್ತ್ರದಂತೆ ಯೆಹೂದ್ಯರು ಹಂದಿಯನ್ನು ತಿನ್ನಬಾರದು, ಅದರ ಹೆಣವನ್ನು ಮುಟ್ಟಲೂಬಾರದು. ಯಾಜಕಕಾಂಡ 11:7-8 ನೋಡಿರಿ’ ಎಂದು ಬರೆದು, ಎಫ್ ನಕ್ಷತ್ರದಿಂದ ಮುಚ್ಚಬೇಕು. ಮುಚ್ಚುವುದು ಮರೆತರೆ ಅಲ್ಲಿಂದ ಮುಂದಿನ ಪಠ್ಯವೆಲ್ಲ ಟಿಪ್ಪಣಿಯೊಳಗೆ ಬಿದ್ದುಹೋಗುತ್ತದೆ. ಗುರುತುಗಳ ತಪಾಸಣೆ ಓಡಿಸಿದರೆ ಇದು ಸಿಕ್ಕಿಬೀಳುತ್ತದೆ. ಧ್ವನಿಮುದ್ರಣ ಮಾಡುವುದಿದ್ದರೆ ಟಿಪ್ಪಣಿ ಯಾರ ಕಿವಿಗೂ ತಲುಪದು. ಆಗ ‘ತನ್ನ ಜನ ಮುಟ್ಟದ ಹಂದಿಗಳನ್ನು’ ಎಂದು ವಚನದೊಳಗೇ ಮೂರು ಪದ ಸೇರಿಸುವುದೋ ಬೇಡವೋ ಎಂದು ತಂಡ ಮೊದಲೇ ತೀರ್ಮಾನಿಸಿರಬೇಕು.

ಕೂರುವ ಬಗೆಯೂ ಇಷ್ಟೇ ತೊಂದರೆ ಕೊಡುತ್ತದೆ. ಲೂಕ 7ರಲ್ಲಿ ಹೆಂಗಸು ಯೇಸುವಿನ ಹಿಂದೆ, ಪಾದಗಳ ಬಳಿ ನಿಂತು ಅಳುತ್ತಾಳೆ. ಚಕ್ಕಳಮಕ್ಕಳ ಹಾಕಿ ಎಲೆಯ ಮುಂದೆ ಕೂತವರ ಪಾದ ಹಿಂದೆ ಹೇಗೆ ಬಂತು? ಮೇಜಿನ ಮುಂದೆ ಕುರ್ಚಿಯಲ್ಲಿ ಕೂತವರದ್ದೂ ಹಿಂದೆ ಇರದು. ಆಗಿನ ಔತಣದಲ್ಲಿ ಎಡ ಮೊಣಕೈಗೆ ಒರಗಿ, ಬಲಗೈಯಿಂದ ತಿನ್ನುತ್ತ, ಕಾಲುಗಳನ್ನು ಮೇಜಿನಿಂದಾಚೆ ಚಾಚುತ್ತಿದ್ದರು. ಎನ್‌ಹಾನ್ಸ್‌ಡ್ ರಿಸೋರ್ಸ್ ತೆರೆದು ಪದದ ಮೇಲೆ ಒತ್ತಿದರೆ ನಿಘಂಟು, ಚಿತ್ರ ಎರಡೂ ಬರುತ್ತವೆ. ಇಂಗ್ಲಿಷ್ ಬಾರದವರಿಗೂ ಚಿತ್ರ ಸಾಕು. ‘ಒರಗಿ ಊಟ ಮಾಡಿದರು’ ಎಂದು ಎಲ್ಲೆಡೆ ಬರೆದರೆ ಶಿಷ್ಯರೆಲ್ಲ ಕಾಯಿಲೆ ಬಿದ್ದ ಹಾಗಿರುತ್ತದೆ. ಕಥೆ ಅದರ ಮೇಲೆಯೇ ನಿಂತಿರುವ ಎರಡು ಕಡೆ, ಅಂದರೆ ಲೂಕ 7 ಮತ್ತು ಯೋಹಾನ 13ರಲ್ಲಿ, ‘ಆಗಿನ ವಾಡಿಕೆಯಂತೆ ದಿಂಬಿಗೊರಗಿ’ ಎಂದು ಹೇಳಿ, ಉಳಿದೆಡೆ ‘ಊಟಕ್ಕೆ ಕೂತರು’ ಎಂದರೆ ತೊಂದರೆಯಿಲ್ಲ. ಕೆಂಪು ಗುರುತು ಬರುತ್ತದೆ, ಬರಲಿ.

ಯೋಹಾನ 13ರಲ್ಲೇ ಯೇಸು ತನ್ನನ್ನು ಹಿಡಿದುಕೊಡಲಿದ್ದ ಯೂದನಿಗೆ ಅದ್ದಿ ಕೊಡುವುದು ‘ಪ್ಸೋಮಿಯೊನ್’. ‘ತುಂಡು’ ಎಂದರೆ ಅರ್ಥ ಬಂತು, ಜೀವ ಬರಲಿಲ್ಲ. ‘ತುತ್ತು’ ಎನ್ನಿ: ಕೈತುತ್ತು ಕೊಟ್ಟವರಿಗೆ ಎರಡು ಬಗೆಯುವುದು ಎಂಥ ಕೆಲಸ ಎಂದು ಕನ್ನಡದ ಕೇಳುಗನಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಮಾರ್ಕ 14:20ರ ಒಂದೇ ಬಟ್ಟಲಿಗೆ ಕೈ ಅದ್ದುವ ಮಾತು ಎಂಜಲಿನ ಗುಮಾನಿ ಹುಟ್ಟಿಸುತ್ತದೆ. ಆಪ್ತತೆಯ ಗುರುತು ಹೋಗಿ ಅಸಹ್ಯ ಬಂದು ಕೂರುತ್ತದೆ. ‘ನನ್ನ ಜೊತೆ ಒಂದೇ ಬಟ್ಟಲಲ್ಲಿ ಉಣ್ಣುವವನು’ ಎಂದರೆ ಬಹುಮಟ್ಟಿಗೆ ಪಾರು.

ಯಂತ್ರ ಎಂದೂ ಸೂಚಿಸಲಾರದ, ಕನ್ನಡಕ್ಕೆ ಒಲಿದ ಒಂದು ಪದವಿದೆ: ಪಂಕ್ತಿಭೇದ. ಗಲಾತ್ಯ 2:12ರಲ್ಲಿ ಕೇಫನು, ಅಂದರೆ ಪೇತ್ರನು, ಯೆಹೂದ್ಯರಲ್ಲದ ಅನ್ಯಜನರ ಜೊತೆ ಉಣ್ಣುತ್ತಿದ್ದವನು ಯಾಕೋಬನ ಕಡೆಯವರು ಬಂದೊಡನೆ ಎದ್ದು ಬೇರೆಯಾಗುತ್ತಾನೆ. 1 ಕೊರಿಂಥ 11ರಲ್ಲಿ ಒಬ್ಬ ಹಸಿದಿರುತ್ತಾನೆ, ಇನ್ನೊಬ್ಬ ಕುಡಿದು ಮತ್ತನಾಗಿರುತ್ತಾನೆ. ಈ ಎರಡನ್ನೂ ಹೇಳಲು ಬೇರೆ ಎಷ್ಟೋ ಭಾಷೆಯವರು ಅಡಿಟಿಪ್ಪಣಿ ಬರೆಯಬೇಕು. ನಮಗೆ ಒಂದು ಪದ ಸಾಕು. ಗ್ರೀಕಿನಲ್ಲಿ ಅದಕ್ಕೆ ಎದುರಾಗಿ ಒಂಟಿ ಪದ ಇಲ್ಲದ್ದರಿಂದ ಯಾವ ಪಟ್ಟಿಯಲ್ಲೂ ಇದು ಬರುವುದಿಲ್ಲ. ವಚನದೊಳಗೆ ಅದನ್ನು ಇಡುವುದಕ್ಕಿಂತ ವಿಭಾಗದ ತಲೆಬರಹದಲ್ಲಿ ಇಡುವುದು ಮೇಲು. ಪಠ್ಯಕ್ಕೆ ಏನನ್ನೂ ಸೇರಿಸಿದ ಹಾಗಾಗುವುದಿಲ್ಲ. ಅದೇ ಅಧ್ಯಾಯದ ‘ಕರ್ತನ ಭೋಜನ’ದಲ್ಲಿ ‘ಭೋಜನ’ ಎಂಬುದು ಸಂಧ್ಯೆಯ ಹೊತ್ತಿನ ಮುಖ್ಯ ಊಟವನ್ನು ಮರೆಸಿ ಬರೀ ವಿಧಿಯನ್ನು ಉಳಿಸಿದೆ. 33ನೆಯ ವಚನದ ‘ಒಬ್ಬರಿಗೊಬ್ಬರು ಕಾಯಿರಿ’ ಎಂಬುದು ತೋಟದ ಕೆಲಸ ಮುಗಿಸಿ ತಡವಾಗಿ ಬರುವವರಿಗಾಗಿ ಎಲೆ ಹಾಕದೆ ಕಾಯುವ ಮಾತು ಎಂದು ತಿಳಿಯಬೇಕಾದರೆ ಅಲ್ಲಿ ‘ಊಟ’ ಎಂಬ ಪದ ಎಲ್ಲಾದರೂ ಕಾಣಿಸಲೇಬೇಕು.

ದ್ರಾಕ್ಷಾರಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಶರಬತ್ತಿನ ಹಾಗೆ ಕೇಳಿಸುತ್ತದೆ, ಕೊರಿಂಥದವರಿಗೆ ಮತ್ತೇರಿದ್ದು ಹೇಗೆಂದು ತಿಳಿಯದು. ಮಡಿಕೇರಿಯ ಅಂಗಡಿಗಳ ಮುಂದೆ ‘ಹೋಂ ಮೇಡ್ ವೈನ್’ ಬೋರ್ಡು ತೂಗಾಡುವುದರಿಂದ ‘ವೈನ್’ ಎಂದರೆ ಪ್ರವಾಸಿಗರ ಸಾಮಾನು. ಯೋಹಾನ 2ರಲ್ಲಿ ಕಾನಾ ಊರಿನ ಮದುವೆಯ ಆರು ಕಲ್ಲಿನ ಬಾನೆಗಳು ಒಂದೊಂದೂ ಎರಡು ಮೂರು ‘ಮೆಟ್ರೆಟೆಸ್’, ಅಂದರೆ ಸುಮಾರು 80ರಿಂದ 120 ಲೀಟರ್ ಹಿಡಿಯುವಂಥವು ಎಂಬ ಅಳತೆಯನ್ನಾದರೂ ಲೀಟರಿನಲ್ಲಿ ಕೊಟ್ಟರೆ ಮದುವೆಯ ದೊಡ್ಡಸ್ತಿಕೆ ತಿಳಿಯುತ್ತದೆ.

ಇಂಟರ್‌ಲೀನಿಯರ್ ಎಂಬ ಸಲಕರಣೆ ನಿಮ್ಮ ವಾಕ್ಯವನ್ನು ಪದಪದವಾಗಿ ಇನ್ನೊಂದು ಭಾಷೆಗೆ ತಿರುಗಿಸಿ ಊಹೆ ಕೊಡುತ್ತದೆ, ತಿದ್ದಿದಷ್ಟೂ ಕಲಿಯುತ್ತದೆ. ಭಾಷೆ ಬಾರದ ಪರಿಶೀಲಕರಿಗೆ ಅನುಕೂಲ. ಆದರೆ ಅದರ ಮೇಲೆ ಭಾರ ಹಾಕಿ ಊರಿನವರ ಮುಂದೆ ಓದಿ ನೋಡುವುದನ್ನು ಬಿಡಬಾರದು. ಊಟದ ವಚನಕ್ಕೆ ಕನಿಷ್ಠ ಮೂರು ನಾಲ್ಕು ಮನೆ ಬೇಕು: ಪಂದಿ ಕರಿಯ ಮನೆ, ಸಸ್ಯಾಹಾರದ ಮನೆ, ಲೈನ್‌ಮನೆ, ಸಾಧ್ಯವಾದರೆ ಹಾಡಿಯ ಮನೆ. ಎರಡು ಸಲ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ, ಅವರ ಮಾತಿನಲ್ಲೇ ಕಥೆ ಹೇಳಿಸಬೇಕು. ‘ಅರ್ಥ ಆಯಿತಾ?’ ಎಂದು ಕೇಳಿದರೆ ಮನೆಗೆ ಬಂದವರ ಮನ ನೋಯಿಸಬಾರದೆಂದು ಎಲ್ಲರೂ ‘ಆಯಿತು’ ಎನ್ನುತ್ತಾರೆ. ‘ಹಂದಿ ಮೇಯಿಸುವಾಗ ಹುಡುಗನ ಮನಸ್ಸು ಹೇಗಿತ್ತು?’, ‘ಆ ಹೆಂಗಸು ಎಲ್ಲಿ ನಿಂತಿದ್ದಳು, ತೋರಿಸಿ’, ‘ಅಣ್ಣನಿಗೆ ಸಿಟ್ಟು ಏಕೆ?’ ಎಂದು ಕೇಳಬೇಕು. ಬಂದ ಉತ್ತರವನ್ನು ಆಯಾ ವಚನಕ್ಕೆ ಪ್ರಾಜೆಕ್ಟ್ ನೋಟ್ ಆಗಿ ಅಂಟಿಸಿದರೆ ಮುಂದಿನ ಸುತ್ತಿನಲ್ಲಿ ಯಾರೂ ಮರೆಯುವುದಿಲ್ಲ. ತಂತ್ರಾಂಶದ ನಿಜವಾದ ಉಪಯೋಗ ಇಲ್ಲಿ ಅನಿಸುತ್ತದೆ.

ಐದಕ್ಕೆ ನಾಲ್ಕು ಅಂಕ ಕೊಡಬಹುದು. ಒಂದು ಕಳೆದದ್ದು ಸಂಧಿಗಾಗಿ. ದ್ರಾವಿಡ ಭಾಷೆಗೆ ನಕ್ಷತ್ರ ಚಿಹ್ನೆ ಸಾಲದು.

ಹೊಸದಾಗಿ ಹಾಕಿಕೊಂಡವರು ಯೋಹಾನ 21ರಿಂದ ಶುರುಮಾಡಿ ನೋಡಿ, ಒಂದೇ ಅಧ್ಯಾಯದಲ್ಲಿ ಸಲಕರಣೆಯ ಬಲವೂ ಮಿತಿಯೂ ಸಿಗುತ್ತವೆ. 9ನೆಯ ವಚನದ ಕೆಂಡದ ಬೆಂಕಿಗೆ ಗ್ರೀಕಿನಲ್ಲಿ ‘ಅಂಥ್ರಾಕಿಯಾ’. ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಎರಡೇ ಕಡೆ, ಇನ್ನೊಂದು 18:18ರಲ್ಲಿ ಪೇತ್ರನು ಚಳಿ ಕಾಯಿಸಿಕೊಳ್ಳುತ್ತ ಯೇಸುವನ್ನು ಅರಿಯೆನೆಂದ ಜಾಗ. ಎರಡೂ ಕಡೆ ‘ಕೆಂಡ’ ಎಂದೇ ಇರಲಿ. ಪಟ್ಟಿಯಲ್ಲಿ ಇಲ್ಲದಿದ್ದರೆ ನೀವೇ ಸೇರಿಸಿಕೊಳ್ಳಿ. ಅದರ ಮೇಲಿರುವ ಮೀನು ‘ಒಪ್ಸಾರಿಯೊನ್’, ರೊಟ್ಟಿಗೆ ನಂಚಿಕೊಳ್ಳುವ ಮೀನು. ‘ನಂಚಿಕೊಳ್ಳು’ ಎಂಬ ಕ್ರಿಯಾಪದ ನಮ್ಮಲ್ಲಿ ಇರುವಾಗ ಬರೀ ಮೀನು ಎಂದು ಬಿಡುವುದೇಕೆ? ಇನ್ನು 12ನೆಯ ವಚನದ ಕರೆ. ಹಳೆಯ ಪಾಠ ಓದಿ ಬೆಳೆದವರ ಕೈ ತಾನಾಗಿ ‘ಬಂದು ಊಟಮಾಡಿರಿ’ ಎಂದು ಬರೆಯುತ್ತದೆ, ಪಟ್ಟಿ ಹಸಿರು ತೋರಿಸುತ್ತದೆ. 4ನೆಯ ವಚನ ನೋಡಿ, ಆಗಷ್ಟೇ ಬೆಳಕು ಹರಿದಿದೆ. ರಾತ್ರಿಯಿಡೀ ಬಲೆ ಎಳೆದು ಬಂದವರನ್ನು ಆ ಹೊತ್ತಿನಲ್ಲಿ ಕೊಡಗಿನಲ್ಲಿ ಯಾರೂ ಊಟಕ್ಕೆ ಕರೆಯುವುದಿಲ್ಲ. ‘ಬನ್ನಿ, ತಿಂಡಿ ತಿನ್ನಿ’ ಎನ್ನುತ್ತಾರೆ.